ಫ್ಯಾಮಿಲಿ ಕೋರ್ಟ್‌ಗೆ ಹೋಗುವ ಮುನ್ನ: ವಿಚ್ಛೇದನ ಮತ್ತು ಮಕ್ಕಳ ಸುಪರ್ದಿ ಕೇಸು ಹೇಗೆ ನಡೆಯುತ್ತದೆ

ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ತಂಗಿಯ ಮನೆ ಬಾಗಿಲು ಬಡಿಯಿತು. ಮಗಳನ್ನು ಕರೆದುಕೊಂಡು ಹೋಗಲು ತಂಗಿಯ ಗಂಡ ಬಂದಿದ್ದರು. ಮಗು ಇನ್ನೂ ಎದ್ದಿರಲಿಲ್ಲ. "ಸಂಜೆ ನಾಲ್ಕಕ್ಕೆ ಅಲ್ವಾ?" ಅಂದಳು ತಂಗಿ. "ಆದೇಶದಲ್ಲಿ ಭಾನುವಾರ ಅಂತ ಇದೆ. ಇವತ್ತು ಭಾನುವಾರ" ಅಂದರು ಅವರು. ಇಬ್ಬರ ಮಾತಿನಲ್ಲೂ ತಪ್ಪಿರಲಿಲ್ಲ. ಕೋರ್ಟಿನ ಆದೇಶದಲ್ಲಿ ಇದ್ದದ್ದು ಒಂದೇ ಸಾಲು: ಪ್ರತಿ ಭಾನುವಾರ ತಂದೆ ಮಗುವನ್ನು ಭೇಟಿ ಮಾಡಬಹುದು. ಎಷ್ಟು ಗಂಟೆಗೆ, ಎಲ್ಲಿ, ವಾಪಸ್ ಯಾರು ಬಿಡಬೇಕು, ಒಂದೂ ಇರಲಿಲ್ಲ. ಅದು ನಾವೇ, ಎರಡೂ ಕಡೆಯವರು, ಅವಸರದಲ್ಲಿ ಸಹಿ ಮಾಡಿ ಕೋರ್ಟಿಗೆ ಬರೆದುಕೊಟ್ಟಿದ್ದ ಮೆಮೊ. ಆ ಒಂದು ಸಾಲಿಗಾಗಿ ಏಳೆಂಟು ತಿಂಗಳು ಪ್ರತಿ ಭಾನುವಾರ ಬಾಗಿಲಲ್ಲಿ ಜಗಳವಾಯಿತು. ನಾಲ್ಕು ವರ್ಷದ ಮಗು ಅಷ್ಟನ್ನೂ ಸೋಫಾದ ಹಿಂದೆ ನಿಂತು ನೋಡಿತು.

ಹತ್ತಿರ ಹತ್ತಿರ ಮೂರು ವರ್ಷ ತಂಗಿಯ ಜೊತೆ ಕೋರ್ಟಿಗೆ ಓಡಾಡಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಆ ಬೆಂಚುಗಳ ಮೇಲೆ ಕೂತು ಕಲಿತದ್ದು ಜಾಸ್ತಿ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಕಲಿತದ್ದು ಇದು: ಕೇಸು ಮುಗಿಯಲು ವರ್ಷಗಳು ಬೇಕು, ಮಗು ಅಲ್ಲಿಯವರೆಗೆ ಬೆಳೆಯದೆ ಕಾಯುವುದಿಲ್ಲ. ಕೊನೆಯ ತೀರ್ಪಿಗಿಂತ ನಡುವೆ ಸಿಗುವ ಆದೇಶಗಳೇ ಮಗುವಿನ ಬದುಕನ್ನು ನಡೆಸುತ್ತವೆ. ಹಾಗಾಗಿ ಜೀವನಾಂಶ, ಮಗುವಿನ ಭೇಟಿ, ಶಾಲೆ, ಇವನ್ನು ಮೊದಲ ತಿಂಗಳಲ್ಲೇ ಸರಿಯಾಗಿ ಬರೆಸಿಕೊಳ್ಳಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ. ಹೆಚ್ಚಾಗಿ ಹಿಂದೂ ವಿವಾಹ ಕಾಯ್ದೆಯಡಿ ನಡೆಯುವ ಕೇಸುಗಳನ್ನೇ ಹೇಳುತ್ತೇನೆ, ಬೇರೆಯವರಿಗೆ ಎಲ್ಲಿ ಬೇರೆ ಎಂಬುದನ್ನೂ ಹೇಳುತ್ತೇನೆ.

ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ರಕ್ಷಣೆ, ಇರಲು ಮನೆ, ಮಗುವಿನ ತಾತ್ಕಾಲಿಕ ಸುಪರ್ದಿ ಮೂರನ್ನೂ ಕೇಳಬಹುದು. ವಿಚ್ಛೇದನದ ಕೇಸು ಆಮೇಲೆ ಹಾಕಿದರೂ ನಡೆಯುತ್ತದೆ.

ಹಂತ 1: ಯಾವ ಕಾನೂನು, ಯಾವ ಊರಿನ ಕೋರ್ಟ್

ಮದುವೆ ಯಾವ ಕಾನೂನಿನಡಿ ಆಗಿದೆಯೋ ವಿಚ್ಛೇದನವೂ ಅದರಡಿಯೇ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ 1955ರ ಹಿಂದೂ ವಿವಾಹ ಕಾಯ್ದೆ. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿದ್ದರೆ 1954ರ ಆ ಕಾಯ್ದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ಮುಸ್ಲಿಂ ಮಹಿಳೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದು. ಎಲ್ಲೋ ಸಂಪ್ರದಾಯದಂತೆ ಮದುವೆಯಾಗಿ ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದವರು ಗೊಂದಲ ಮಾಡಿಕೊಳ್ಳುತ್ತಾರೆ. ಪ್ರಮಾಣಪತ್ರದ ತಲೆಬರಹದಲ್ಲಿ ಯಾವ ಕಾಯ್ದೆ ಎಂದು ಬರೆದಿರುತ್ತದೆ, ಒಮ್ಮೆ ನೋಡಿ.

ಊರಿನ ವಿಷಯ. ಮದುವೆ ನಡೆದ ಊರು, ಕೊನೆಯದಾಗಿ ಇಬ್ಬರೂ ಒಟ್ಟಿಗೆ ಇದ್ದ ಊರು, ಎದುರಿನವರು ಈಗ ಇರುವ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ವಾಸವಿರುವ ಊರಿನಲ್ಲೇ ಹಾಕಬಹುದು. ತವರಿಗೆ ಬಂದು ಇರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ. ಗಂಡ ಬೇರೆ ಊರಿನಲ್ಲಿ ಕೇಸು ಹಾಕಿ ಓಡಾಡಿಸುತ್ತಿದ್ದರೆ, ಕರ್ನಾಟಕದೊಳಗೆ ವರ್ಗಾವಣೆಗೆ ಹೈಕೋರ್ಟಿಗೂ, ಬೇರೆ ರಾಜ್ಯದಿಂದ ವರ್ಗಾವಣೆಗೆ ಸುಪ್ರೀಂ ಕೋರ್ಟಿಗೂ ಅರ್ಜಿ ಹಾಕಬಹುದು.

ಬರೀ ಮಗುವಿನ ಸುಪರ್ದಿ ಕೇಳುವುದಾದರೆ ಲೆಕ್ಕ ಬೇರೆ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ, ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿಗೇ ಹೋಗಬೇಕು. ಅರ್ಜಿ ಹಾಕುವ ಹಿಂದಿನ ವಾರ ಮಗುವನ್ನು ಬೇರೆ ಊರಿಗೆ ಕರೆದೊಯ್ದರೆ ಆ ಊರು 'ಸಾಮಾನ್ಯ ವಾಸ' ಆಗುವುದಿಲ್ಲ.

ಬೆಂಗಳೂರಿನಲ್ಲಿ ಕೌಟುಂಬಿಕ ನ್ಯಾಯಾಲಯಗಳು ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿವೆ. ಫ್ಯಾಮಿಲಿ ಕೋರ್ಟ್ ಇಲ್ಲದ ತಾಲ್ಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು ಈ ಕೇಸುಗಳನ್ನು ನಡೆಸುತ್ತದೆ.

ಹಂತ 2: ಒಪ್ಪಿಗೆಯೋ, ಒಬ್ಬರೇ ಹಾಕುವುದೋ

ಇಬ್ಬರಿಗೂ ಬೇರೆಯಾಗುವುದು ಬೇಕಿದ್ದರೆ ಪರಸ್ಪರ ಒಪ್ಪಿಗೆಯ ದಾರಿ. ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್. ಕನಿಷ್ಠ 1 ವರ್ಷ ಬೇರೆ ಇದ್ದಿರಬೇಕು. 'ಬೇರೆ' ಎಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಗಂಡ ಹೆಂಡತಿಯಂತೆ ಬಾಳದೆ ಇದ್ದರೂ ಆಗುತ್ತದೆ. ಜಂಟಿ ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯಬೇಕು. ಆಮೇಲೆ, ಅರ್ಜಿ ಹಾಕಿದ ದಿನದಿಂದ 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ನಮಗೆ ಬೇಕು ಎಂದು ಹೇಳಬೇಕು. ಈ 6 ತಿಂಗಳನ್ನು ತಕ್ಕ ಕಾರಣ ಇದ್ದರೆ ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಜೀವನಾಂಶ, ಮಗುವಿನ ವಿಷಯ ಎಲ್ಲಾ ತೀರ್ಮಾನವಾಗಿರಬೇಕು, ರಾಜಿಯ ಪ್ರಯತ್ನಗಳು ಮುಗಿದಿರಬೇಕು. ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು, ತಾನಾಗಿ ಸಿಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಕೊನೆಯ ಆದೇಶಕ್ಕೆ ಮೊದಲು ಯಾರು ಬೇಕಾದರೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳಬಹುದು. ಹಾಗಾಗಿ ಒಡವೆ, ದುಡ್ಡು ಯಾವಾಗ ಎಷ್ಟು ಕೈ ಬದಲಾಗಬೇಕು ಎಂಬುದನ್ನು ಒಪ್ಪಂದದಲ್ಲಿ ದಿನಾಂಕ ಸಮೇತ ಬರೆಸಿ. ಒಡವೆಯನ್ನು 'ಚಿನ್ನಾಭರಣ' ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಎರಡು ಎಳೆ ಸರ, ನಾಲ್ಕು ಬಳೆ, ಇಷ್ಟು ಗ್ರಾಂ ಎಂದು ಬರೆಸಿ.

ಒಬ್ಬರಿಗೆ ಬೇಕು, ಇನ್ನೊಬ್ಬರಿಗೆ ಬೇಡ ಎಂದಾಗ ಕಾರಣ ಸಾಬೀತು ಮಾಡಬೇಕು. ಕ್ರೌರ್ಯ, 2 ವರ್ಷ ಬಿಟ್ಟು ಹೋಗಿರುವುದು, ಬೇರೆ ಸಂಬಂಧ, ಮತಾಂತರ, ವಾಸಿಯಾಗದ ಮಾನಸಿಕ ಕಾಯಿಲೆ, 7 ವರ್ಷ ಸುಳಿವೇ ಇಲ್ಲದಿರುವುದು, ಇವು ಮುಖ್ಯವಾದವು. ಕ್ರೌರ್ಯದಲ್ಲಿ ಮಾನಸಿಕ ಹಿಂಸೆಯೂ ಸೇರುತ್ತದೆ. 'ಹೊಂದಾಣಿಕೆ ಆಗಲಿಲ್ಲ' ಎನ್ನುವುದೊಂದೇ ಕಾರಣ ಸಾಲದು. ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ ಎಂಬ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗಿದೆ ಎಂದು ಸುಪ್ರೀಂ ಕೋರ್ಟ್ 2023ರ ಮೇ 1ರಂದು ಹೇಳಿತು. ಅದನ್ನು ಟಿವಿಯಲ್ಲಿ ನೋಡಿ ತುಂಬಾ ಜನ ಫ್ಯಾಮಿಲಿ ಕೋರ್ಟಿನಲ್ಲೂ ಹಾಗೇ ಸಿಗುತ್ತದೆ ಅಂದುಕೊಂಡರು. ಫ್ಯಾಮಿಲಿ ಕೋರ್ಟಿಗೆ ಆ ಅಧಿಕಾರ ಇಲ್ಲ.

ಮದುವೆಯಾಗಿ 1 ವರ್ಷ ತುಂಬುವ ಮೊದಲು ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ತೀರಾ ಕಷ್ಟ ಇದ್ದರೆ ಕೋರ್ಟಿನ ಅನುಮತಿ ಕೇಳಬಹುದು.

ಹಂತ 3: ಕಾಗದಪತ್ರ, ವಕೀಲರು, ಅರ್ಜಿ

ತಂಗಿ ಮನೆ ಬಿಟ್ಟು ಬಂದಾಗ ಕೈಯಲ್ಲಿ ಇದ್ದದ್ದು ಮಗುವಿನ ಲಸಿಕೆ ಕಾರ್ಡ್ ಮಾತ್ರ. ಮಿಕ್ಕಿದ್ದನ್ನೆಲ್ಲ ಒಂದೊಂದಾಗಿ ಕೂಡಿಸಲು ಎರಡು ತಿಂಗಳು ಹಿಡಿಯಿತು. ಬೇಕಾಗುವುದು ಇಷ್ಟು: ಮದುವೆ ನೋಂದಣಿ ಪತ್ರ, ಅದಿಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಮದುವೆ ಫೋಟೊ. ಇಬ್ಬರ ವಿಳಾಸದ ದಾಖಲೆ, ಆಧಾರ್. ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ಶುಲ್ಕದ ರಸೀದಿಗಳು, ಡಾಕ್ಟರ ಚೀಟಿಗಳು. ನಿಮ್ಮ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್. ಎದುರಿನವರ ಆದಾಯದ ಬಗ್ಗೆ ನಿಮಗೆ ಗೊತ್ತಿರುವ ಯಾವುದೇ ಕಾಗದ.

ವಾಟ್ಸ್‌ಆ್ಯಪ್ ಮೆಸೇಜ್, ಕಾಲ್ ರೆಕಾರ್ಡಿಂಗ್ ಇದ್ದರೆ ಫೋನ್ ಬದಲಿಸಬೇಡಿ, ಮೂಲ ಫೈಲ್ ಅಳಿಸಬೇಡಿ. ಗಂಡ ಹೆಂಡತಿಯ ಮಾತುಕತೆಯನ್ನು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ಅವರ ನಡುವಿನ ಕೇಸಿನಲ್ಲಿ ಸಾಕ್ಷ್ಯವಾಗಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆದರೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು. ಸ್ಕ್ರೀನ್‌ಶಾಟ್ ಪ್ರಿಂಟ್ ಹಾಕಿಸಿ ಕೊಟ್ಟರೆ ಸಾಲುವುದಿಲ್ಲ. ಒಂದು ಮಾತು ಹೇಳಲೇಬೇಕು. ಮಗುವನ್ನು ಮಾತಿಗೆಳೆದು "ಅಪ್ಪ ಏನಂದ್ರು ಹೇಳು" ಎಂದು ರೆಕಾರ್ಡ್ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಹೇಳಿಕೊಟ್ಟು ಆಡಿಸಿದ ಮಾತು ಕೇಳಿದ ಕೂಡಲೇ ಗೊತ್ತಾಗುತ್ತದೆ, ಅದು ನಿಮಗೇ ಮುಳುವಾಗುತ್ತದೆ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ವಕೀಲರನ್ನು ಇಟ್ಟುಕೊಳ್ಳುವುದು ಇಲ್ಲಿ ಹಕ್ಕಲ್ಲ, ಕೋರ್ಟಿನ ಅನುಮತಿ ಬೇಕು. ನಿಮ್ಮ ಕೇಸನ್ನು ನೀವೇ ನಡೆಸಬಹುದು. ರೂಢಿಯಲ್ಲಿ ಹೆಚ್ಚಿನವರು ಅನುಮತಿ ಪಡೆದು ವಕೀಲರ ಮೂಲಕವೇ ನಡೆಸುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಸಾಮಾನ್ಯವಾಗಿ ಇರುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100. ನಾವು ಕೋರ್ಟಿನಲ್ಲಿ ನೋಡಿದ ಒಬ್ಬ ಲೀಗಲ್ ಏಡ್ ವಕೀಲೆ ದುಬಾರಿ ವಕೀಲರಿಗಿಂತ ಚೆನ್ನಾಗಿ ಫೈಲ್ ಓದಿಕೊಂಡು ಬರುತ್ತಿದ್ದರು.

ಅರ್ಜಿಯನ್ನು ಕನ್ನಡದಲ್ಲೇ ಬರೆಸಬಹುದು. ಬರೆಸಿ ಅಂತಲೇ ನಾನು ಹೇಳುತ್ತೇನೆ. ನಿಮ್ಮ ಅರ್ಜಿಯಲ್ಲಿ ಏನಿದೆ ಎಂದು ನಿಮಗೇ ಗೊತ್ತಿರಬೇಕು. ಎರಡು ವರ್ಷದ ನಂತರ ಪಾಟೀ ಸವಾಲಿನಲ್ಲಿ, ಅಂದರೆ ಎದುರಿನ ವಕೀಲರು ನಿಮ್ಮನ್ನು ಪ್ರಶ್ನಿಸುವಾಗ, ಅದೇ ಸಾಲುಗಳನ್ನು ಹಿಡಿದು ಕೇಳುತ್ತಾರೆ. ಅರ್ಜಿ ದಾಖಲಾದಾಗ ಎರಡು ಸಂಖ್ಯೆ ಸಿಗುತ್ತವೆ. ಒಂದು ಕೇಸ್ ನಂಬರ್: ಮದುವೆಯ ಕೇಸಿಗೆ ಎಂ.ಸಿ., ಪೋಷಕತ್ವದ ಕೇಸಿಗೆ ಜಿ ಆ್ಯಂಡ್ ಡಬ್ಲ್ಯುಸಿ. ಇನ್ನೊಂದು 16 ಅಕ್ಷರಗಳ ಸಿಎನ್‌ಆರ್ ನಂಬರ್. ಇದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ದಿನಾಂಕ, ಆದೇಶ ಎಲ್ಲಾ ನಿಮ್ಮ ಫೋನಿನಲ್ಲೇ ಕಾಣುತ್ತದೆ. ವಕೀಲರ ಗುಮಾಸ್ತರಿಗೆ ಫೋನ್ ಮಾಡಿ ಕಾಯಬೇಕಾಗಿಲ್ಲ.

ಹಂತ 4: ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು ಮಧ್ಯಂತರ ಜೀವನಾಂಶ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಅಡಿ ಹೆಂಡತಿಯೂ ಕೇಳಬಹುದು, ಆದಾಯ ಇಲ್ಲದ ಗಂಡನೂ ಕೇಳಬಹುದು. ನೋಟಿಸ್ ಮುಟ್ಟಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ಇತ್ಯರ್ಥ ಮಾಡಬೇಕು ಎಂದು ಕಾನೂನು ಹೇಳುತ್ತದೆ. ಇದಲ್ಲದೆ ಯಾವ ಧರ್ಮದವರಾದರೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಅಡಿ ಹೆಂಡತಿ, ಮಕ್ಕಳಿಗೆ ಜೀವನಾಂಶ ಕೇಳಬಹುದು. ಹಳಬರು ಇದನ್ನು ಇನ್ನೂ '125' ಅಂತಲೇ ಕರೆಯುತ್ತಾರೆ. 2024ರ ಜುಲೈ 1ರಿಂದ ಸಂಖ್ಯೆ ಬದಲಾಗಿದೆ.

ಸುಪ್ರೀಂ ಕೋರ್ಟ್ 2020ರ ನವೆಂಬರ್ 4ರಂದು ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ತುಂಬಾ ಮುಖ್ಯ. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಕೊಡಲೇಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕವಾಗುತ್ತದೆ. ಅಂದರೆ ಅರ್ಜಿ ತಡವಾದಷ್ಟೂ ಆ ತಿಂಗಳುಗಳ ದುಡ್ಡು ಹೋಯಿತು. ತಂಗಿ "ಆಮೇಲೆ ಕೇಳೋಣ, ಈಗಲೇ ದುಡ್ಡಿನ ಮಾತು ಬೇಡ" ಎಂದು ಐದು ತಿಂಗಳು ಕಳೆದಳು. ಆ ಐದು ತಿಂಗಳು ಅಪ್ಪನ ಪಿಂಚಣಿಯಲ್ಲಿ ನಡೆಯಿತು. ಆದೇಶವಾದ ಮೇಲೂ ದುಡ್ಡು ಬರದಿದ್ದರೆ ಸುಮ್ನೆ ಕೂರಬೇಡಿ. 144ರ ಅಡಿ ಬಾಕಿ ವಸೂಲಿಗೆ, ಬಾಕಿ ಬಿದ್ದ 1 ವರ್ಷದೊಳಗೆ ಅರ್ಜಿ ಹಾಕಬೇಕು.

ಎರಡನೆಯದು ಮಗುವಿನ ಮಧ್ಯಂತರ ಸುಪರ್ದಿ ಮತ್ತು ಭೇಟಿ. ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಅಡಿ ಅದೇ ವಿಚ್ಛೇದನದ ಕೇಸಿನೊಳಗೇ ಕೇಳಬಹುದು. ಮಗು ಯಾರ ಹತ್ತಿರ ಇದೆಯೋ ಅವರೂ ಅರ್ಜಿ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ಒಂದು ದಿನ ಶಾಲೆಯಿಂದ ಮಗುವನ್ನು ಇನ್ನೊಬ್ಬರು ಕರೆದೊಯ್ದಾಗ ಪೊಲೀಸರು "ಅಪ್ಪನ ಹತ್ತಿರ ತಾನೇ ಇದೆ" ಎಂದು ಕೈ ಚೆಲ್ಲುತ್ತಾರೆ. ಮಗುವನ್ನು ವಿದೇಶಕ್ಕೆ ಕರೆದೊಯ್ಯುವ ಭಯ ಇದ್ದರೆ, ಕೋರ್ಟಿನ ಅನುಮತಿ ಇಲ್ಲದೆ ದೇಶ ಬಿಡಿಸಬಾರದು ಎಂಬ ಆದೇಶವನ್ನೂ, ಪಾಸ್‌ಪೋರ್ಟ್ ಯಾರ ಬಳಿ ಇರಬೇಕು ಎಂಬುದನ್ನೂ ಕೇಳಿ.

ಈಗ ಆ ಭಾನುವಾರದ ವಿಷಯ. ಭೇಟಿಯ ಆದೇಶಕ್ಕೆ ಮೆಮೊ ಬರೆಯುವಾಗ ಮನೆಯಲ್ಲಿ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತು ಬರೆಯಿರಿ. ಯಾವ ವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ. ಎಲ್ಲಿಂದ ಕರೆದುಕೊಂಡು ಹೋಗಬೇಕು, ಎಲ್ಲಿಗೆ ವಾಪಸ್ ಬಿಡಬೇಕು, ಯಾರು ಬರಬೇಕು. ಅಜ್ಜ ಅಜ್ಜಿ ಜೊತೆ ಇರಬಹುದೋ ಇಲ್ಲವೋ. ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ. ಗೌರಿ ಗಣೇಶ, ಯುಗಾದಿ, ಅಥವಾ ರಂಜಾನ್, ಕ್ರಿಸ್‌ಮಸ್, ಈ ವರ್ಷ ಯಾರ ಮನೆ, ಮುಂದಿನ ವರ್ಷ ಯಾರ ಮನೆ. ಹುಟ್ಟುಹಬ್ಬದ ದಿನ. ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತಿಗೆ ವಿಡಿಯೊ ಕಾಲ್. ಮಗುವಿಗೆ ಜ್ವರ ಬಂದರೆ ಆ ಭೇಟಿ ಯಾವ ದಿನಕ್ಕೆ ಹೋಗಬೇಕು. ಶಾಲೆಯ ಪೋಷಕರ ಸಭೆಗೆ ಇಬ್ಬರೂ ಹೋಗಬಹುದೇ. ಇಷ್ಟನ್ನೂ ಬರೆಯಿರಿ. ವಕೀಲರು "ಇಷ್ಟೆಲ್ಲಾ ಬೇಡ" ಎಂದರೂ ಬರೆಸಿ. ಕೊನೆಗೆ ನಮ್ಮ ಹೊಸ ಆದೇಶದಲ್ಲಿ ಹೀಗೆ ಬಂತು: ಪ್ರತಿ ತಿಂಗಳ 2 ಮತ್ತು 4ನೇ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 5, ಅಪಾರ್ಟ್‌ಮೆಂಟಿನ ಗೇಟಿನ ಬಳಿ ಅಜ್ಜ ಒಪ್ಪಿಸುವುದು, ಅಲ್ಲೇ ವಾಪಸ್ ಪಡೆಯುವುದು. ತಂಗಿ ಮತ್ತು ಅವಳ ಗಂಡ ಮುಖಾಮುಖಿ ಆಗುವುದೇ ಬೇಕಿರಲಿಲ್ಲ. ಜಗಳ ಅವತ್ತೇ ನಿಂತಿತು.

ಮಗುವಿನ ವಿಡಿಯೊ ಕಾಲ್ ಕೇಳಲು ಸಂಕೋಚ ಬೇಡ. ಮಗುವಿಗೆ ತಂದೆ ತಾಯಿ ಇಬ್ಬರ ಪ್ರೀತಿಯ ಹಕ್ಕಿದೆ, ದೂರದಲ್ಲಿರುವ ಪೋಷಕರಿಗೆ ಫೋನ್, ವಿಡಿಯೊ ಸಂಪರ್ಕ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಂತ 5: ನೋಟಿಸ್, ಸಮಾಲೋಚನೆ, ಮಧ್ಯಸ್ಥಿಕೆ

ಎದುರಿನವರಿಗೆ ಸಮನ್ಸ್ ಹೋಗುತ್ತದೆ. ಅವರು ಬಂದು ತಕರಾರು ಸಲ್ಲಿಸಬೇಕು. ನಿಮಗೆ ಸಮನ್ಸ್ ಬಂದಿದ್ದರೆ ತೆಗೆದುಕೊಳ್ಳದೆ ತಪ್ಪಿಸಿಕೊಳ್ಳಬೇಡಿ. ಕೇಸು ಏಕಪಕ್ಷೀಯವಾಗಿ ನಡೆದುಹೋಗುತ್ತದೆ, ಆಮೇಲೆ ರದ್ದು ಮಾಡಿಸಲು ಓಡಾಡಬೇಕು.

ಫ್ಯಾಮಿಲಿ ಕೋರ್ಟ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕೋರ್ಟು ಮೊದಲು ರಾಜಿಗೆ ಪ್ರಯತ್ನಿಸಲೇಬೇಕು. ಅದಕ್ಕೇ ಸಮಾಲೋಚಕರ ಬಳಿ ಅಥವಾ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ನಡೆಯುತ್ತಿದೆ, ಅದೂ ನ್ಯಾಯದೇಗುಲದಲ್ಲೇ. 'ರಾಜಿ' ಎಂದ ಕೂಡಲೇ ಮತ್ತೆ ಗಂಡನ ಮನೆಗೆ ಕಳಿಸುತ್ತಾರೆ ಎಂದು ತಂಗಿ ಹೆದರಿದ್ದಳು. ಹಾಗಲ್ಲ. ಒಟ್ಟಿಗೆ ಇರುವುದೂ ರಾಜಿ, ಜಗಳವಿಲ್ಲದೆ ಬೇರೆಯಾಗುವುದೂ ರಾಜಿ. ಅಲ್ಲಿ ಆಡಿದ ಮಾತು ಗೋಪ್ಯ. ಅದನ್ನು ಆಮೇಲೆ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಾಗಾಗಿ ಮನಸ್ಸು ಬಿಚ್ಚಿ ಮಾತಾಡಿ. ಎಷ್ಟೋ ಕೇಸುಗಳು ಒಬ್ಬರ ಮೇಲೊಬ್ಬರು ಕೂಗಾಡುತ್ತಾ ಒಳಗೆ ಹೋಗಿ, ಮೂರನೇ ಬೈಠಕ್ಕಿಗೆ ಪರಸ್ಪರ ಒಪ್ಪಿಗೆಯ ಕೇಸಾಗಿ ಹೊರಬಂದದ್ದನ್ನು ಕಂಡಿದ್ದೇನೆ.

ಆದರೆ ಒತ್ತಡಕ್ಕೆ ಸಹಿ ಮಾಡಬೇಡಿ. ಒಪ್ಪಂದದ ಕರಡನ್ನು ಮನೆಗೆ ತಂದು ಒಂದು ರಾತ್ರಿ ಇಟ್ಟುಕೊಂಡು ಓದಿ. 'ಮಗುವಿಗೆ ಮುಂದೆ ಯಾವ ಜೀವನಾಂಶವೂ ಕೇಳುವುದಿಲ್ಲ' ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ. ಜೀವನಾಂಶ ಮಗುವಿನ ಹಕ್ಕು, ಅದನ್ನು ಬಿಟ್ಟುಕೊಡಲು ತಾಯಿಗೆ ಅಧಿಕಾರವಿಲ್ಲ.

ಹಂತ 6: ಕೋರ್ಟು ಮಗುವನ್ನು ಹೇಗೆ ನೋಡುತ್ತದೆ

'ತಾಯಿಗೇ ಮಗು ಸಿಗುತ್ತದೆ' ಎಂದೂ, 'ದುಡ್ಡಿದ್ದವರಿಗೇ ಸಿಗುತ್ತದೆ' ಎಂದೂ ಜನ ಹೇಳುತ್ತಾರೆ. ಎರಡೂ ಪೂರ್ತಿ ನಿಜವಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ ಪ್ರಕಾರ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. 'ಸಾಮಾನ್ಯವಾಗಿ' ಎಂಬ ಪದಕ್ಕೆ ಇಲ್ಲಿ ತೂಕ ಇದೆ. ಅದೇ ಕಾಯ್ದೆಯ 13ನೇ ಸೆಕ್ಷನ್ ಎಲ್ಲಕ್ಕಿಂತ ಮೇಲೆ ಇಡುವುದು ಮಗುವಿನ ಹಿತವನ್ನು. ಯಾವ ಧರ್ಮದ ಮಗುವಾದರೂ ಕೋರ್ಟು ಹಿತವನ್ನೇ ನೋಡುತ್ತದೆ. ಮಕ್ಕಳು ತಂದೆತಾಯಿಯ ಸ್ವತ್ತೂ ಅಲ್ಲ, ಆಟದ ಬೊಂಬೆಗಳೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿತ್ತು.

ಹಾಗಾದರೆ ಹಿತ ಅಂದರೆ ಏನು? ಬೆಳಿಗ್ಗೆ ಮಗುವಿಗೆ ತಿಂಡಿ ಯಾರು ಕೊಡುತ್ತಾರೆ, ಶಾಲೆಗೆ ಯಾರು ಬಿಡುತ್ತಾರೆ, ಜ್ವರ ಬಂದಾಗ ರಜೆ ಹಾಕುವವರು ಯಾರು. ಶಾಲೆ, ಗೆಳೆಯರು, ಊರು ಬದಲಾಗದೆ ಇರುತ್ತವೆಯೇ. ಮನೆಯಲ್ಲಿ ಇನ್ಯಾರು ಇದ್ದಾರೆ. ಇನ್ನೊಬ್ಬರ ಜೊತೆ ಮಗುವಿನ ಸಂಬಂಧವನ್ನು ಯಾರು ಉಳಿಸಿಕೊಡುತ್ತಾರೆ. ಈ ಕೊನೆಯದನ್ನು ತುಂಬಾ ಜನ ಮರೆಯುತ್ತಾರೆ. ಮಗುವನ್ನು ತೋರಿಸದೆ ಬಚ್ಚಿಟ್ಟವರಿಗೆ ಕೋರ್ಟಿನಲ್ಲಿ ಒಳ್ಳೆಯ ಹೆಸರು ಬರುವುದಿಲ್ಲ. ತಾಯಿಯ ಸಂಬಳ ಕಡಿಮೆ ಎನ್ನುವುದೊಂದೇ ಸುಪರ್ದಿ ತಪ್ಪಲು ಕಾರಣವಾಗುವುದಿಲ್ಲ, ಖರ್ಚು ಕೊಡಲು ತಂದೆಗೆ ಆದೇಶ ಮಾಡಬಹುದಲ್ಲ.

ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತಾರೆ. ಇಷ್ಟೇ ವಯಸ್ಸು ಎಂದು ಕಾನೂನಿನಲ್ಲಿ ಬರೆದಿಲ್ಲ. ನ್ಯಾಯಾಧೀಶರು ಮಗುವನ್ನು ತಮ್ಮ ಕೋಣೆಗೆ ಕರೆದು, ಅಪ್ಪ ಅಮ್ಮನನ್ನು ಹೊರಗಿಟ್ಟು ಮಾತಾಡಬಹುದು. ಮಕ್ಕಳ ತಜ್ಞರ ಸಹಾಯವನ್ನೂ ಪಡೆಯಬಹುದು. ಅವತ್ತಿಗೆ ಮಗುವಿಗೆ ಏನೂ ಹೇಳಿಕೊಡಬೇಡಿ. "ಅಲ್ಲಿ ಒಬ್ಬರು ನಿನ್ನ ಜೊತೆ ಮಾತಾಡ್ತಾರೆ, ನಿನಗೆ ಅನಿಸಿದ್ದು ಹೇಳು" ಅಂದರೆ ಸಾಕು.

ಶುರುವಿನಲ್ಲಿ ಕೆಲವೊಮ್ಮೆ ಭೇಟಿಯನ್ನು ಕೋರ್ಟಿನ ಮಕ್ಕಳ ಕೋಣೆಯಲ್ಲೇ ಇಡುತ್ತಾರೆ. ಹೊಸ ಆದೇಶಕ್ಕೆ ಮೊದಲು ಎರಡು ತಿಂಗಳು ನಮ್ಮ ಭೇಟಿಯೂ ಹಾಗೇ ನಡೆಯಿತು. ಗೋಡೆ ಮೇಲೆ ಬಣ್ಣದ ಆನೆ, ಒಂದು ಚಕ್ರ ಕಳಚಿದ ಪ್ಲಾಸ್ಟಿಕ್ ಲಾರಿ, ನಾಲ್ಕು ಕುರ್ಚಿ. ಮೊದಲ ದಿನ ತಂಗಿಯ ಮಗಳು ನನ್ನ ಸೆರಗು ಬಿಡಲಿಲ್ಲ. ಅವಳಪ್ಪ ಸ್ಟೀಲ್ ಡಬ್ಬಿಯಲ್ಲಿ ನೀರುದೋಸೆ ತಂದಿದ್ದರು, ಅವರೇ ಮಾಡಿದ್ದು. ಡಬ್ಬಿ ತೆಗೆದು ನೆಲದ ಮೇಲಿಟ್ಟು, ಕರೆಯದೆ, ಆ ಲಾರಿಯ ಚಕ್ರ ಸಿಕ್ಕಿಸಲು ಕೂತರು. ಇಪ್ಪತ್ತು ನಿಮಿಷ ಆದ ಮೇಲೆ ಅವಳು ಹೋಗಿ ಪಕ್ಕದಲ್ಲಿ ಕೂತು "ಹಾಗಲ್ಲ ಅಪ್ಪ, ಉಲ್ಟಾ" ಅಂದಳು. ಇಂಥ ಭೇಟಿಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ. ಮಗುವಿಗೆ ಗೊತ್ತಿರುವ ತಿಂಡಿ, ಅದರ ಹಳೆಯ ಆಟಿಕೆ ತನ್ನಿ. ದೊಡ್ಡ ಉಡುಗೊರೆ ಬೇಡ. ಕೇಸಿನ ಮಾತು ಬೇಡ. "ನನ್ನ ಜೊತೆ ಬರ್ತೀಯಾ?" ಎಂದು ಕೇಳಬೇಡಿ. ಮಗು ಬಿಟ್ಟು ಬರುವ ಕಡೆಯವರು ಕೋಣೆಯ ಬಾಗಿಲಲ್ಲಿ ಕಣ್ಣೀರು ಹಾಕುತ್ತಾ ನಿಲ್ಲಬೇಡಿ. ಮಗು ಅದನ್ನು ನೋಡಿ ಒಳಗೆ ಹೋಗಲು ಹೆದರುತ್ತದೆ.

ಹಂತ 7: ಸಾಕ್ಷ್ಯ, ವಾದ, ತೀರ್ಪು

ರಾಜಿ ಆಗದಿದ್ದರೆ ವಿಚಾರಣೆ. ನಿಮ್ಮ ಮುಖ್ಯ ಹೇಳಿಕೆ ಅಫಿಡವಿಟ್ ರೂಪದಲ್ಲಿ ಹೋಗುತ್ತದೆ. ಆಮೇಲೆ ಎದುರಿನ ವಕೀಲರ ಪಾಟೀ ಸವಾಲು. ಬೆಳಿಗ್ಗೆ 11ರ ಹೊತ್ತಿಗೆ ಕೇಸುಗಳನ್ನು ಒಂದೊಂದಾಗಿ ಕೂಗುತ್ತಾರೆ. ನಿಮ್ಮ ಹೆಸರು ಕೂಗಿದಾಗ ಹೊರಗೆ ಕಾಫಿ ಕುಡಿಯುತ್ತಾ ಇರಬೇಡಿ. ಗೈರುಹಾಜರಿ ಬರೆದರೆ ಅರ್ಜಿ ವಜಾ ಆಗಬಹುದು. ಪಾಟೀ ಸವಾಲಿನಲ್ಲಿ ಗೊತ್ತಿದ್ದದ್ದಕ್ಕೆ ಹೌದು, ಇಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ. ನಿಮ್ಮ ನಡತೆ ಬಗ್ಗೆ ಮನಸ್ಸು ನೋಯುವ ಪ್ರಶ್ನೆ ಬರುತ್ತದೆ, ಮೊದಲೇ ಗಟ್ಟಿ ಮಾಡಿಕೊಳ್ಳಿ. ಹೊರಗಿನವರು ಕೇಳಬಾರದು ಅನಿಸಿದರೆ ಬಾಗಿಲು ಮುಚ್ಚಿ ವಿಚಾರಣೆ ನಡೆಸಲು ಕೇಳಿಕೊಳ್ಳಿ. ಒಬ್ಬರು ಕೇಳಿದರೂ ಕೋರ್ಟು ಹಾಗೆ ಮಾಡಬೇಕು ಎಂದು ಫ್ಯಾಮಿಲಿ ಕೋರ್ಟ್ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ.

6 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದೆ. ಜಗಳದ ಕೇಸುಗಳು ವರ್ಷಗಟ್ಟಲೆ ಹೋಗುತ್ತವೆ. ವಾಯಿದೆ ಮೇಲೆ ವಾಯಿದೆ ಬೀಳುವುದನ್ನು ಪೂರ್ತಿ ತಡೆಯಲಾಗದು. ಆದರೆ ನಿಮ್ಮ ಕಡೆಯಿಂದ ಒಂದೂ ವಾಯಿದೆ ಕೇಳಬೇಡಿ.

ತೀರ್ಪಿಗೆ ಒಪ್ಪಿಗೆ ಇಲ್ಲದಿದ್ದರೆ ಹೈಕೋರ್ಟಿಗೆ ಮೇಲ್ಮನವಿ, ಅಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಫ್ಯಾಮಿಲಿ ಕೋರ್ಟ್ ಕಾಯ್ದೆಯಲ್ಲಿ ಇರುವುದು 30 ದಿನ, ಅದನ್ನೇ ಲೆಕ್ಕ ಇಟ್ಟುಕೊಳ್ಳಿ. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗೆ, ಅಂದರೆ ಕೋರ್ಟಿನ ಕೊನೆಯ ಆದೇಶಕ್ಕೆ, ಮೇಲ್ಮನವಿ ಇಲ್ಲ. ಬೇರೆ ಮದುವೆಯ ಯೋಚನೆ ಇದ್ದರೆ ಮೇಲ್ಮನವಿಯ ಅವಧಿ ಮುಗಿಯುವವರೆಗೆ ಕಾಯಿರಿ.

ವಿದೇಶದಲ್ಲಿರುವ ಕನ್ನಡಿಗರಿಗೆ

ಅಮೆರಿಕದಲ್ಲೋ ದುಬೈನಲ್ಲೋ ಸಿಕ್ಕ ವಿಚ್ಛೇದನ ಇಲ್ಲಿ ತಾನಾಗಿ ನಡೆಯುವುದಿಲ್ಲ. ಮದುವೆ ಯಾವ ಕಾನೂನಿನಡಿ ಆಯಿತೋ ಆ ಕಾನೂನು ಒಪ್ಪುವ ಕಾರಣ ಮತ್ತು ವ್ಯಾಪ್ತಿ ಇರಬೇಕು, ಇಲ್ಲವೇ ಎದುರಿನವರು ಮನಃಪೂರ್ವಕ ಒಪ್ಪಿ ಭಾಗವಹಿಸಿರಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ಅಲ್ಲಿಂದ ನೋಟಿಸ್ ಬಂದರೆ ಸುಮ್ನಿದ್ದುಬಿಡಬೇಡಿ, ವಕೀಲರನ್ನು ಕೇಳಿ ಬರೆದು ಉತ್ತರ ಕೊಡಿ. ಮಕ್ಕಳ ವಿಷಯದಲ್ಲಿ, ಒಂದು ದೇಶದಿಂದ ಇನ್ನೊಂದಕ್ಕೆ ಕರೆದೊಯ್ದ ಮಗುವನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಇಂಥ ಜಗಳಗಳು ಹೆಚ್ಚಾಗಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ) ಬರುತ್ತವೆ, ಅಲ್ಲೂ ಮಗುವಿನ ಹಿತವೇ ಅಳತೆಗೋಲು.

ಹಂತ 8: ಆದೇಶ ಕೈಗೆ ಬಂದ ಮೇಲೆ

ಸುಪರ್ದಿಯ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಊರು ಬದಲಾದರೆ, ಮಗು ದೊಡ್ಡದಾದರೆ, ಭೇಟಿಯ ದಿನದಲ್ಲಿ ಟ್ಯೂಷನ್ ಬಂದರೆ, ಅದೇ ಕೋರ್ಟಿಗೆ ಹೋಗಿ ಬದಲಿಸಲು ಕೇಳಬಹುದು. ಆದೇಶ ಇದ್ದೂ ಮಗುವನ್ನು ತೋರಿಸದಿದ್ದರೆ ಜಾರಿಗೆ ಅರ್ಜಿ ಹಾಕಬೇಕು. ಭೇಟಿ ತಪ್ಪಿದ ಪ್ರತಿ ದಿನಾಂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅವತ್ತೇ ಒಂದು ಮೆಸೇಜ್ ಕಳಿಸಿ. ಆದರೆ ಭೇಟಿ ಸಿಗಲಿಲ್ಲ ಎಂದು ಜೀವನಾಂಶ ನಿಲ್ಲಿಸುವುದು, ಜೀವನಾಂಶ ಬರಲಿಲ್ಲ ಎಂದು ಭೇಟಿ ನಿಲ್ಲಿಸುವುದು, ಎರಡೂ ಬೇಡ. ಎರಡಕ್ಕೂ ಬೇರೆ ಬೇರೆ ಅರ್ಜಿ ಇದೆ, ಎರಡರಲ್ಲೂ ಸೊರಗುವುದು ಮಗು ಒಂದೇ.

ತೀರ್ಪು ಬಂದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಒಂದಲ್ಲ, ಮೂರು ಪ್ರತಿ ತೆಗೆಸಿ. ಒಂದು ಬ್ಯಾಂಕ್ ಲಾಕರಿಗೆ, ಒಂದು ಮನೆಗೆ, ಒಂದು ಕಚೇರಿಗಳಿಗೆ ತೋರಿಸಲು. ಮಗುವಿನ ಶಾಲೆಗೆ ಭೇಟಿಯ ಆದೇಶದ ಜೆರಾಕ್ಸ್ ಕೊಟ್ಟು, ಯಾರು ಕರೆದೊಯ್ಯಬಹುದು ಎಂದು ಬರೆದು ತಿಳಿಸಿ. ವಿಮೆ, ಪಿಎಫ್, ಬ್ಯಾಂಕ್ ಖಾತೆಗಳ ನಾಮಿನಿ ಹೆಸರು ನೋಡಿ. ತಂಗಿಯ ಪಿಎಫ್ ಖಾತೆಯಲ್ಲಿ ಡಿಕ್ರಿಯಾಗಿ ಒಂದು ವರ್ಷದವರೆಗೂ ಹಳೆಯ ಹೆಸರೇ ಇತ್ತು. ಈಗ ಅಲ್ಲಿ ಮಗಳ ಹೆಸರಿದೆ.